ಬೆಂದ ಹೆಸರುಕಾಳು ಉಸಿರಾಡಿತೇ?

ಸಜೀವಿಗಳ ಲಕ್ಷಣ ಹೇಳಿ ಅಂದರೆ ನಾವು ಹೈಸ್ಕೂಲಿನಲ್ಲಿ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆವು: ಆಹಾರ ಸೇವನೆ, ಬೆಳವಣಿಗೆ, ಚಲನೆ, ಉಸಿರಾಟ, ವಿಸರ್ಜನೆ, ಪ್ರತಿಕ್ರಿಯೆ, ಸಂತಾನೋತ್ಪತ್ತಿ. ವಿಜ್ಞಾನದ ಮೇಡಂ ಪೂರ್ತಿ ಅಂಕ ಕೊಡುತ್ತಿದ್ದರು. ಆದರೆ ಪಾಠ ಅಲ್ಲಿಗೆ ಮುಗಿಯುತ್ತಿರಲಿಲ್ಲ. ‘ಬೆಂಕಿ ಸೌದೆ ತಿನ್ನುತ್ತೆ, ಗಾಳಿ ಬೇಡುತ್ತೆ, ಬೆಳೆಯುತ್ತೆ, ಒಂದು ಹತ್ತಾಗುತ್ತೆ. ಅದಕ್ಕೆ ಜೀವ ಇದೆಯಾ?’ ಅಂತ ಕೇಳುತ್ತಿದ್ದರು. ಹೇಸರಗತ್ತೆಗೆ ಸಾಮಾನ್ಯವಾಗಿ ಮರಿ ಆಗೋದೇ ಇಲ್ಲ, ಅದು ನಿರ್ಜೀವವಾ? ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ದಾರದ ಮೇಲೆ ಕಲ್ಲುಸಕ್ಕರೆಯೂ ಬೆಳೆಯುತ್ತೆ ಅಲ್ವಾ? ಹೌದು, ಆದರೆ ಅದು ಹೊರಗಿನಿಂದ ಪದರ ಪದರ ಅಂಟಿಸಿಕೊಂಡು ದಪ್ಪವಾಗುತ್ತದೆ. ಸಸಿ ಹಾಗಲ್ಲ. ನೀರು, ಗಾಳಿ, ಬೆಳಕು ಹಿಡಿದು, ಒಳಗೇ ಬದಲಾಯಿಸಿ, ತನ್ನ ಮೈ ತಾನೇ ಕಟ್ಟಿಕೊಳ್ಳುತ್ತದೆ.

ನನಗೆ ಜಾಸ್ತಿ ನೆನಪಿರುವುದು ಹೆಸರುಕಾಳಿನ ಪ್ರಯೋಗ. ಒಂದು ಬಾಟಲಿಯಲ್ಲಿ ಮೊಳಕೆ ಕಾಳು, ಇನ್ನೊಂದರಲ್ಲಿ ಬೇಯಿಸಿದ ಕಾಳು. ಎರಡಕ್ಕೂ ಬಿರಡೆ, ಬಿರಡೆಯಿಂದ ಒಂದು ನಳಿಕೆ, ನಳಿಕೆಯ ತುದಿ ಸುಣ್ಣದ ತಿಳಿನೀರಿನಲ್ಲಿ. ಮೊಳಕೆ ಕಾಳಿನ ಕಡೆ ತಿಳಿನೀರು ಹಾಲಿನಂತೆ ಬೆಳ್ಳಗಾಯಿತು. ಕಾಳು ಬಿಟ್ಟ ಇಂಗಾಲದ ಡೈ ಆಕ್ಸೈಡ್ ಸುಣ್ಣದ ಜೊತೆ ಸೇರಿ ಹಾಗಾಗಿತ್ತು. ಬೆಂದ ಕಾಳಿನ ಕಡೆ ಏನೂ ಇಲ್ಲ. ನೋಟ್ಸ್ ಬರೆದು ಮುಗಿಸಿದೆವು.

ಮೇಡಂ ಮಾತ್ರ ಬಾಟಲಿಗಳನ್ನು ಎತ್ತಿಡಲಿಲ್ಲ. ಒಂದೆರಡು ದಿನ ಕಳೆದ ಮೇಲೆ ಆ ಎರಡನೇ ತಿಳಿನೀರೂ ಬೆಳ್ಳಗಾಗಿತ್ತು! ಬಿರಡೆ ತೆಗೆದರೆ ಕೆಟ್ಟ ವಾಸನೆ. ಸತ್ತ ಕಾಳು ಉಸಿರಾಡಿತೇ? ಇಲ್ಲ. ಅದನ್ನು ತಿನ್ನಲು ಬಂದ ಬ್ಯಾಕ್ಟೀರಿಯಾಗಳು ಉಸಿರಾಡುತ್ತಿದ್ದವು. ಪುಸ್ತಕದ ಪ್ರಯೋಗ ಮುಗಿದ ಮೇಲೇ ನಿಜವಾದ ಪಾಠ ಶುರುವಾಗಿತ್ತು. ಅಂಥ ಟೀಚರ್ ಸಿಕ್ಕಿದ್ದು ನಮ್ಮ ಪುಣ್ಯ.

ಒಣ ಬೀಜದ ವಿಷಯ ಇನ್ನೂ ಸೋಜಿಗ. ಅಲ್ಲಾಡದು, ಬೆಳೆಯದು, ಪಕ್ಕದ ಕಲ್ಲಿಗೂ ಅದಕ್ಕೂ ನೋಡಲು ವ್ಯತ್ಯಾಸವಿಲ್ಲ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವನ್ನು 2005ರಲ್ಲಿ ನೆಟ್ಟರೆ ಅದು ಮೊಳೆತು ಮರವಾಯಿತು. ಅಷ್ಟು ಕಾಲವೂ ಜೀವ ಒಳಗೇ ಇತ್ತು. ವೈರಸ್ಸಿನದು ಬೇರೆಯೇ ಕಥೆ. 1935ರಲ್ಲಿ ವೆಂಡೆಲ್ ಸ್ಟ್ಯಾನ್ಲಿ ತಂಬಾಕಿನ ಗಿಡದ ವೈರಸ್ಸನ್ನು ಹರಳು ಮಾಡಿ ತೋರಿಸಿದರು. ಬಾಟಲಿಯಲ್ಲಿದ್ದಾಗ ಬರೀ ಪುಡಿ, ಎಲೆಗೆ ಉಜ್ಜಿದರೆ ಸಾವಿರವಾಗುವ ವಸ್ತು. ಅದು ಯಾವ ಕಡೆಗೆ ಸೇರಬೇಕು ಅಂತ ಇಂದಿಗೂ ವಾದ ನಡೆಯುತ್ತಿದೆ. ಒಂದೇ ಲಕ್ಷಣ ಹಿಡಿದು ತೀರ್ಪು ಕೊಡಬೇಡಿ, ಎಲ್ಲ ಒಟ್ಟಿಗೆ ನೋಡಿ ಎಂದು ಮೇಡಂ ಹೇಳುತ್ತಿದ್ದುದು ಇದಕ್ಕೇ.

ನಮ್ಮ ಶಾಲೆಯಲ್ಲಿ ಈಗ ಓದುತ್ತಿರುವವರಿಗೆ ಒಂದು ಕೆಲಸ. ಶಾಲೆಯ ಹಿಂದಿನ ಬಂಡೆಯ ಮೇಲೆ ಬೂದು ಬಣ್ಣದ ಕಲ್ಲುಹೂವು ಇದೆ. ಬಿರುಬೇಸಿಗೆಯಲ್ಲಿ ಹೋಗಿ ಮುಟ್ಟಿ, ಪುಡಿಪುಡಿಯಾಗುತ್ತದೆ. ಆಮೇಲೆ ಒಂದು ಲೋಟ ನೀರು ಚಿಮುಕಿಸಿ, ಅಲ್ಲೇ ಸ್ವಲ್ಪ ಹೊತ್ತು ಕೂತು ಬಣ್ಣ ಏನಾಗುತ್ತದೆ ನೋಡಿ. ಶಿಲೀಂಧ್ರ, ಪಾಚಿ ಎರಡೂ ಸೇರಿ ಮಾಡಿದ ಸಂಸಾರ ಅದು. ನೋಡಿದ್ದನ್ನು ಮುಂದಿನ ಸಂಚಿಕೆಗೆ ಬರೆಯಿರಿ, ನಾನು ಖಂಡಿತ ಓದುತ್ತೇನೆ.