ಕೋಲಿನ ತುದಿಯ ಚೆಂಡು

ಬಿದಿರಿನ ಕೋಲು. ತುದಿಗೆ ಟೆನಿಸ್ ಚೆಂಡು. ಅದು ಕಳಚದ ಹಾಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿದು ಸುತ್ತಿದ್ದೇನೆ. ಭಾನುವಾರ ನಸುಕಿನಲ್ಲಿ ಕುರುಗೋಡಿನಿಂದ ಬಳ್ಳಾರಿಯ ಬಸ್ ಹತ್ತಿದಾಗ, "ಮಾವಿನಕಾಯಿ ಕೀಳುವ ಕೋಲೇ?" ಎಂದು ಕಂಡಕ್ಟರ್ ಕೇಳಿದರು. ನನ್ನ ಅಕ್ಕನ ಮಗಳು ಉತ್ತರಿಸಿದಳು: "ಅಲ್ಲ ಅಣ್ಣಾ, ನನ್ನ ತಲೆಗೆ ತಟ್ಟುವ ಕೋಲು."

ಅವಳಿಗೆ ಹದಿನಾಲ್ಕು ವರ್ಷ. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ನಮ್ಮ ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು. ಬಾವಿಯಲ್ಲಿ ಅವಳಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಒಮ್ಮೆ ಕೂಗಿದರೆ ಸಾಕು, ದನಿ ಹಿಂದಿರುಗುವ ಬಗೆಯಲ್ಲೇ ಕಲ್ಲುಕಟ್ಟಡ ಎಷ್ಟು ದೂರವಿದೆ ಎಂದು ತಿಳಿಯುತ್ತಿತ್ತು. ಈಜುಕೊಳದ ಗೋಡೆ ಮಾತ್ರ ಸದ್ದಿಲ್ಲದೆ ಬಂದು ಕೈಗೆ ಬಡಿಯುತ್ತದೆ.

ಅಂತರರಾಷ್ಟ್ರೀಯ ಪ್ಯಾರಾ ಈಜಿನಲ್ಲಿ, ಅಂದರೆ ಅಂಗವಿಕಲರ ಈಜು ಸ್ಪರ್ಧೆಗಳಲ್ಲಿ, ಇದಕ್ಕೆಂದೇ ಒಬ್ಬರು ಇರುತ್ತಾರೆ. ಅವರನ್ನು ಟ್ಯಾಪರ್ ಎನ್ನುತ್ತಾರೆ. ಗೋಡೆ ಸಮೀಪಿಸಿದಾಗ ಮೆತ್ತನೆಯ ತುದಿಯ ಕೋಲಿನಿಂದ ಈಜುಗಾರರನ್ನು ತಟ್ಟುವುದು ಅವರ ಕೆಲಸ. ದೃಷ್ಟಿದೋಷ ಇರುವವರಿಗೆ ಎಸ್11ರಿಂದ ಎಸ್13 ಎಂದು ವರ್ಗಗಳಿವೆ. ಏನೂ ಕಾಣದ ಅಥವಾ ಬಹುತೇಕ ಕಾಣದವರ ಎಸ್11ರಲ್ಲಿ ಎಲ್ಲರೂ ಬೆಳಕು ತೂರದ ಕಪ್ಪು ಕನ್ನಡಕ ಧರಿಸಬೇಕು. ಇದನ್ನು ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಅಲ್ಲಿ ಎಲ್ಲರಿಗೂ ಒಂದೇ ಕತ್ತಲೆ, ಅಲ್ಲವೇ ಮಾಮಾ?" ಎಂದಳು.

ನಾವು ಮೊದಲು ಹೋದ ಈಜುಕೊಳದಲ್ಲಿ, ಕಣ್ಣು ಕಾಣದವರ ಜವಾಬ್ದಾರಿ ಹೊರುವುದಿಲ್ಲ ಎಂದು ಬಾಗಿಲಲ್ಲೇ ತಡೆದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಈಗ ಹೋಗುವಲ್ಲಿ ಬೆಳಿಗ್ಗೆ ಒಂದು ಗಂಟೆ ಕಾಲ ಅಂಚಿನ ಸಾಲನ್ನು ನಮಗೆ ಬಿಡುತ್ತಾರೆ.

ತಟ್ಟುವುದು ಸುಲಭವಲ್ಲ. ಮೊದಲ ದಿನ ತಡಮಾಡಿದೆ. ಅವಳ ಕೈ ಗೋಡೆಗೆ ಬಡಿದು ನಡುಬೆರಳಿನ ಉಗುರು ಕಪ್ಪಾಯಿತು. ಅವಳು ಅಳಲಿಲ್ಲ, ನನ್ನ ಕೈ ಮಾತ್ರ ನಡುಗುತ್ತಿತ್ತು. ಮುಂದಿನ ವಾರ ಹೆದರಿ ಬೇಗ ತಟ್ಟಿದೆ. ಕೈ ಚಾಚಿದಳು, ಸಿಕ್ಕಿದ್ದು ನೀರು. ತಲೆಯೆತ್ತಿ ಬೈದಳು: "ಉಗುರು ಹೋದರೆ ಹೋಗಲಿ ಮಾಮಾ, ಗೋಡೆ ಇಲ್ಲದ ಕಡೆ ಇದೆ ಎಂದು ಹೇಳಬೇಡ." ಅಂದಿನಿಂದ ಅವಳ ಕೈಬೀಸು ಎಣಿಸುತ್ತೇನೆ. ಇನ್ನು ಎರಡು ಬೀಸು ಉಳಿದಾಗ ಚೆಂಡು ಅವಳ ನೆತ್ತಿಗೆ ತಾಗಬೇಕು. ತಾಗಿದೊಡನೆ ಅವಳ ಹೆಗಲು ಮುಂದಕ್ಕೆ ಚಾಚಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಅವಳು ನನ್ನನ್ನು ಎಷ್ಟು ನಂಬಿದ್ದಾಳೆ ಎಂಬುದು ಕೋಲಿನುದ್ದಕ್ಕೂ ನನ್ನ ಅಂಗೈಗೆ ತಿಳಿಯುತ್ತದೆ.

ಬಸ್ಸಿನಲ್ಲಿ ಅವಳಿಗೆ ಕಥೆ ಬೇಕು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧ ಮುರಳಿಕಾಂತ್ ಪೇಟ್ಕರ್, 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ಸ್ ಚಿನ್ನ ತಂದದ್ದನ್ನು ಹೇಳಿದ್ದೇನೆ. ನಮ್ಮ ಬೆಂಗಳೂರಿನ ಶರತ್ ಗಾಯಕ್ವಾಡ್ 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಈಜಲು ಹೋದದ್ದನ್ನೂ ಹೇಳಿದ್ದೇನೆ. ಆದರೆ ಅವಳು ಮತ್ತೆ ಮತ್ತೆ ಕೇಳುವುದು ನಾಗಪುರದ ಕಾಂಚನಮಾಲಾ ಪಾಂಡೆಯವರ ಕಥೆಯನ್ನು. ಅವರಿಗೂ ಕಣ್ಣು ಕಾಣುವುದಿಲ್ಲ. 2017ರಲ್ಲಿ ಮೆಕ್ಸಿಕೊದಲ್ಲಿ ನಡೆದ ವಿಶ್ವ ಪ್ಯಾರಾ ಈಜು ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಬಗೆಯ ಈಜು ಸೇರಿದ 200 ಮೀಟರ್ ಮೆಡ್ಲೆಯಲ್ಲಿ ಚಿನ್ನ ಗೆದ್ದವರು. "ಅವರಿಗೆ ತಟ್ಟಿದವರು ಯಾರು?" ಎಂದು ಇವಳು ಪ್ರತಿ ಸಲವೂ ಕೇಳುತ್ತಾಳೆ. ಪದಕದ ಪಟ್ಟಿಯಲ್ಲಿ ಆ ಹೆಸರು ಬರುವುದಿಲ್ಲ. ಬರಬೇಕು ಎಂದು ನನಗೂ ಅನ್ನಿಸುತ್ತದೆ.

ಕೊಳದ ಎರಡೂ ತುದಿಗೆ ಒಬ್ಬೊಬ್ಬರು ಬೇಕು. ಇಷ್ಟು ದಿನ ನಾನೇ ಅಂಚಿನಲ್ಲಿ ಅತ್ತಿಂದಿತ್ತ ಓಡುತ್ತಿದ್ದೆ. ಮಗಳು ಬಾವಿಗೆ ಇಳಿದಾಗಲೆಲ್ಲ ಮೇಲೆ ನಿಂತು ದೇವರಿಗೆ ಹರಕೆ ಹೊರುತ್ತಿದ್ದ ಅಕ್ಕ ನಿನ್ನೆ ರಾತ್ರಿ ತಾನಾಗಿ ಕೇಳಿದಳು: "ತಲೆಗೆ ಎಷ್ಟು ಜೋರಾಗಿ ತಟ್ಟಬೇಕೋ?" ಎರಡನೆಯ ಕೋಲಿಗೆ ಚೆಂಡು ಕಟ್ಟಿಟ್ಟಿದ್ದೇನೆ. ಮಗಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಅಕ್ಕ ಅಭ್ಯಾಸ ಮಾಡುತ್ತಿದ್ದಾಳೆ. "ಇನ್ನೂ ಸ್ವಲ್ಪ ಜೋರಾಗಿ ಅವ್ವಾ," ಎನ್ನುತ್ತಿದ್ದಾಳೆ ಅವಳು.