ಆಕಾಶಕ್ಕೆ ಕಾಲಿಟ್ಟ ಮಿಡತೆ

"ಪಾಪ, ಅದಕ್ಕೆ ಗೋಡೆ ಯಾವುದು, ಆಕಾಶ ಯಾವುದು ಗೊತ್ತಾಗಲಿಲ್ಲ."

ಭಾನುವಾರ ರಾತ್ರಿ ಅಜ್ಜಿ ಹೇಳಿದ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಕೊಡಗಿನ ಶನಿವಾರಸಂತೆಯಲ್ಲಿ ಎರಡು ದಿನದಿಂದ ಬಿಡದ ಮಳೆ, ಕರೆಂಟ್ ಇಲ್ಲ. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ 1957ರ 'ಬಿಗಿನಿಂಗ್ ಆಫ್ ದಿ ಎಂಡ್' ನೋಡುತ್ತಿದ್ದೆವು. ವಿಕಿರಣ ಕೊಟ್ಟು ಬೆಳೆಸಿದ ಬೆಳೆ ತಿಂದು ಬೃಹದಾಕಾರವಾದ ಮಿಡತೆಗಳು ಷಿಕಾಗೋಗೆ ನುಗ್ಗುವ ಕಥೆ. ನಿರ್ದೇಶಕ ಬರ್ಟ್ ಐ. ಗಾರ್ಡನ್ ಕಡಿಮೆ ದುಡ್ಡಿನಲ್ಲಿ ಕೆಲಸ ಮುಗಿಸಬೇಕಿತ್ತು. ಕಟ್ಟಡಗಳ ಫೋಟೋ ಮೇಲೆ ಜೀವಂತ ಮಿಡತೆಗಳನ್ನು ಬಿಟ್ಟು ಚಿತ್ರೀಕರಿಸಿದರು. ಹಾಗಾಗಿ ಗೋಡೆ ಹತ್ತುತ್ತಿದ್ದ ಮಿಡತೆಯೊಂದು ಕಟ್ಟಡದ ಅಂಚು ದಾಟಿ ಆಕಾಶದ ಮೇಲೇ ನಡೆದುಬಿಡುತ್ತದೆ.

ಭಾವ ಬಿದ್ದು ಬಿದ್ದು ನಕ್ಕರು. "ಇಷ್ಟು ಅಗ್ಗದ ಸಿನಿಮಾವನ್ನು ಯಾರು ನೋಡುತ್ತಾರೆ?" ಎಂದರು. ಭಾವ ಒಳ್ಳೆಯವರು, ಆದರೆ ಯಾವುದನ್ನೇ ಆಗಲಿ ಮೊದಲು ಬೆಲೆ ಕೇಳಿಯೇ ನೋಡುವವರು. ಅಜ್ಜಿ ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಾಗಿದರು. ಪಾಪ, ಗೋಡೆ ಯಾವುದು, ಆಕಾಶ ಯಾವುದು ಗೊತ್ತಾಗಲಿಲ್ಲ ಎಂದರು.

ದೊಡ್ಡ ಪ್ರಾಣಿಯ ಭಯ ನಮಗೆ ಹೊಸದಲ್ಲ. ಆನೆ ತೋಟಕ್ಕೆ ಇಳಿದ ರಾತ್ರಿ ಮನೆಯಲ್ಲಿ ಯಾರೂ ಕಿರುಚುವುದಿಲ್ಲ. ದೀಪ ಆರಿಸಿ, ಬಾಳೆ ಮುರಿಯುವ ಸದ್ದು ಹತ್ತಿರವಾಗುತ್ತಿದೆಯೇ ದೂರವಾಗುತ್ತಿದೆಯೇ ಎಂದು ಕಿವಿಗೊಟ್ಟು ಕೂರುತ್ತೇವೆ. ಆ ಭಯಕ್ಕೆ ಮುಖವೇ ಇರುವುದಿಲ್ಲ. ಈ ಬಡ ಸಿನಿಮಾಗಳು ಅದಕ್ಕೊಂದು ಮುಖ ಕೊಟ್ಟು, ಬೆಳಕಿಗೆ ತಂದು ಎದುರು ಕೂರಿಸುತ್ತವೆ. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಮಾಡಿದ ರಾಕ್ಷಸನನ್ನು ನೋಡಿ ನಾನು ಬೆಚ್ಚಿದ್ದೇನೆ, ಮರುಕಪಟ್ಟಿದ್ದು ಕಡಿಮೆ. 1954ರ ಜಪಾನಿನ ಗಾಡ್ಜಿಲ್ಲಾ ಹಾಗಲ್ಲ. ಗೊಂಬೆಯನ್ನು ಚೂರು ಚೂರೇ ಕದಲಿಸಿ ಒಂದೊಂದೇ ಚಿತ್ರ ತೆಗೆಯಲು ಸಮಯವೂ ಹಣವೂ ಸಾಲದೆ, ಸುಮಾರು 100 ಕಿಲೋ ತೂಕದ ರಬ್ಬರ್ ಉಡುಪಿನೊಳಗೆ ಹರುವೊ ನಕಜಿಮಾ ಎಂಬ ನಟ ಹೊಕ್ಕರು. ಊರು ತುಳಿಯುವ ಆ ಭಾರದ ಹೆಜ್ಜೆಯಲ್ಲಿ ಒಬ್ಬ ಮನುಷ್ಯನ ದಣಿವು ನನಗೆ ಕಾಣುತ್ತದೆ. ಅಜ್ಜಿಗೆ ಮಿಡತೆಯಲ್ಲಿ ಕಂಡದ್ದೂ ಅಂಥದ್ದೇ ಏನೋ. ಅದು ನಟಿಸುತ್ತಿರಲಿಲ್ಲ, ತನ್ನ ಪಾಡಿಗೆ ದಾರಿ ಹುಡುಕುತ್ತಿತ್ತು.

ಮಾರನೆಯ ಬೆಳಿಗ್ಗೆ ಅಕ್ಕನ ಮಗ ತೋಟದಿಂದ ಒಂದು ಆಫ್ರಿಕನ್ ಬಸವನಹುಳು ತಂದ. ಮಳೆಗಾಲದಲ್ಲಿ ಇವು ಕಾಫಿ ಗಿಡಗಳಿಗೆ ಮುತ್ತಿಕೊಳ್ಳುತ್ತವೆ. ಅಜ್ಜಿಯೇ ದಿನವೂ ಬಕೆಟ್ ತುಂಬ ಆರಿಸಿ ಉಪ್ಪು ನೀರಿಗೆ ಸುರಿಯುತ್ತಾರೆ, ಅದರಲ್ಲಿ ದಾಕ್ಷಿಣ್ಯವಿಲ್ಲ. ಹುಡುಗ ಹಳೆಯ ಕ್ಯಾಲೆಂಡರಿನ ಮಡಿಕೇರಿ ಕೋಟೆಯ ಚಿತ್ರ ಹರಿದು ನೆಲದ ಮೇಲೆ ಹಾಸಿ, ಹುಳುವನ್ನು ಅದರ ಮೇಲೆ ಬಿಟ್ಟು, ಮೊಬೈಲ್ ಹಿಡಿದು ಮಕಾಡೆ ಮಲಗಿದ. ಹುಳು ಕೋಡು ಚಾಚಿತು, ಒಳಗೆಳೆದುಕೊಂಡಿತು, ಮತ್ತೆ ಚಾಚಿತು. ಕೋಟೆಯ ಗೋಡೆಯ ಮೇಲೆ ಒದ್ದೆ ಗೆರೆ ಎಳೆಯುತ್ತಾ ಹೊರಟಿತು. ಅಜ್ಜಿ ಬಕೆಟ್ ಕೆಳಗಿಟ್ಟು ಬಂದು ನಿಂತರು.

"ಮಾವ, ಟಾರ್ಚನ್ನು ಇನ್ನೂ ಕೆಳಗೆ ಹಿಡಿಯಿರಿ. ನೆರಳು ಉದ್ದ ಬೀಳಬೇಕು" ಎಂದ ಹುಡುಗ.

ನಾನು ಹಿಡಿದೆ. ಹುಳು ಗೋಡೆ ಮುಗಿಸಿ ನೀಲಿಗೆ ಇಳಿಯಿತು.