ಗುಳ್ಳೆಯ ಒಳಗಿನ ಒತ್ತಡ

ಕಾರವಾರ, 18 ಜುಲೈ 2025, ಶುಕ್ರವಾರ ರಾತ್ರಿ

ಶಿರಸಿಯಿಂದ ಚಿಕ್ಕಿ ಮಗಳು ಬಂದಿದ್ದಾಳೆ. ಎಂ.ಎಸ್ಸಿ. ಗಣಿತ ಓದುವವಳು, ಸುಮ್ನೆ ಬಿಡುವವಳಲ್ಲ. ಊಟ ಮುಗಿದದ್ದೇ ನನ್ನ ಲ್ಯಾಪ್‌ಟಾಪ್ ಎದುರು ಕೂತಳು. ತೆರೆಯ ಮೇಲೆ ನನ್ನ ಕೆಲಸ: ದ್ರವದೊಳಗಿನ ಗುಳ್ಳೆಯ ಹರಿವನ್ನು ನ್ಯೂರಲ್ ನೆಟ್‌ವರ್ಕ್‌ನಿಂದ, ಅಂದರೆ ತಾನೇ ಕಲಿಯುವ ಕಂಪ್ಯೂಟರ್ ಮಾದರಿಯಿಂದ, ಕಂಡುಹಿಡಿಯುವುದು.

"ಅಣ್ಣಾ, ಇದಕ್ಕೆ ವಾಲ್ಯೂಮ್ ಆಫ್ ಫ್ಲೂಯಿಡ್ ವಿಧಾನ ಇದೆಯಲ್ಲ. ಮತ್ತೆ ನ್ಯೂರಲ್ ನೆಟ್‌ವರ್ಕ್ ಎಂತಕ್ಕೆ?"

ಕೇಳಿದ್ದು ಸರಿಯೇ. ಹರಿವು ಹೇಗೆ ಸಾಗುತ್ತದೆ ಅಂತ ಲೆಕ್ಕ ಹಾಕುವುದಷ್ಟೇ ಕೆಲಸವಾದರೆ, ಜಾಗವನ್ನು ಸಣ್ಣ ಕೋಶಗಳಾಗಿ ಹಂಚಿ ಒಂದೊಂದರಲ್ಲೂ ದ್ರವದ ಪಾಲೆಷ್ಟು ಅಂತ ಲೆಕ್ಕ ಇಡುವ 1981ರ ಆ ವಿಧಾನವೇ ನನ್ನ ಆಯ್ಕೆ. ನಮ್ಮ ಪಿನ್‌ನಲ್ಲಿ (PINN, ಭೌತನಿಯಮ ಸೇರಿಸಿ ಕಲಿಸುವ ನ್ಯೂರಲ್ ನೆಟ್‌ವರ್ಕ್) ದ್ರವದ ಚಲನೆಯನ್ನು ಹೇಳುವ ನೇವಿಯರ್-ಸ್ಟೋಕ್ಸ್ ಸಮೀಕರಣವನ್ನೇ ಲಾಸ್‌ಗೆ, ಅಂದರೆ ನೆಟ್‌ವರ್ಕ್ ಕಮ್ಮಿ ಮಾಡಬೇಕಾದ ತಪ್ಪಿನ ಲೆಕ್ಕಕ್ಕೆ, ಸೇರಿಸುತ್ತೇವೆ. ಸಮೀಕರಣ ಮೀರಿದಷ್ಟೂ ದಂಡ. ಆದರೆ ನೀರು ಗಾಳಿಗಿಂತ 800 ಪಟ್ಟು ಭಾರ, ಆ ಜಿಗಿತ ಕೂದಲೆಳೆಯಷ್ಟೂ ಇಲ್ಲದ ಅಂಚಿನಲ್ಲಿ ಆಗುತ್ತದೆ. ನೆಟ್‌ವರ್ಕ್ ನಯವಾದದ್ದನ್ನು ಬೇಗ ಕಲಿಯುತ್ತದೆ, ಚೂಪಾದದ್ದನ್ನು ಕೊನೆಗೆ. ದ್ರವ್ಯರಾಶಿ ಉಳಿಯಬೇಕೆಂಬ ನಿಯಮವೂ ಅಲ್ಲಿ ಬರೀ ದಂಡ. ಲಾಸ್ ಕಮ್ಮಿ ಇದ್ದರೂ ಗುಳ್ಳೆ ಮೆಲ್ಲಗೆ ಕರಗಿಹೋಗಬಹುದು.

ಕಿಟಕಿಯ ಮೇಲಿದ್ದ ಕೊಬ್ಬರಿ ಎಣ್ಣೆ ಬಾಟಲಿ ತಂದು ಬಗ್ಗಿಸಿದೆ. ಗುಳ್ಳೆ ಗೋಡೆಗೆ ಒತ್ತಿಕೊಂಡು ನಿಧಾನ ಮೇಲೆ ಹೋಯಿತು. ಮುಂದೆ ದುಂಡು, ಹಿಂದೆ ಚಪ್ಪಟೆ.

"ಇದರ ವಿಡಿಯೊ ತೆಗೆದರೆ ಏನು ಸಿಗುತ್ತದೆ?"

"ಅಂಚು."

"ಎಣ್ಣೆಯ ವೇಗ? ಗುಳ್ಳೆಯೊಳಗಿನ ಒತ್ತಡ?"

ಸುಮ್ಮನಾದಳು. ಪಿನ್ ಬೇಕಾಗುವುದು ಇಲ್ಲೇ. 2020ರಲ್ಲಿ ರೈಸಿ, ಯಜ್ದಾನಿ, ಕಾರ್ನಿಯಡಾಕಿಸ್ ಎಂಬ ಸಂಶೋಧಕರು ದ್ರವದಲ್ಲಿ ಬಣ್ಣ ಹರಡುವುದನ್ನಷ್ಟೇ ಕೊಟ್ಟು ವೇಗ, ಒತ್ತಡ ಎರಡನ್ನೂ ಹೊರತೆಗೆದು ತೋರಿಸಿದರು. ಎರಡು ದ್ರವಗಳಿರುವಲ್ಲಿ ಬಣ್ಣದ ಬದಲು ಅಂಚಿನ ಚಲನೆಯೇ ಸುಳಿವು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ರೋಮಾಂಚನ.

ಕರೆಂಟ್ ಹೋಯಿತು. ಅಪ್ಪ ಕೋಡಿಬಾಗದಿಂದ ಇನ್ನೂ ಬಂದಿಲ್ಲ, ಫೋನೂ ಎತ್ತುತ್ತಿಲ್ಲ. ಈ ಮಳೆಯಲ್ಲಿ ಬೈಕ್ ಬೇಡ ಅಂದರೆ ಕೇಳುವುದಿಲ್ಲ.

ಕತ್ತಲಲ್ಲೇ ಅವಳ ಮುಂದಿನ ಪ್ರಶ್ನೆ: "ಒತ್ತಡ ಅಳೆದವರೇ ಇಲ್ಲ. ಮತ್ತೆ ಉತ್ತರ ಸರಿ ಅಂತ ಹೇಗೆ ಗೊತ್ತಾಗುತ್ತದೆ ಅಣ್ಣಾ?"

ಹಳೆಯ ವಿಧಾನದಲ್ಲೇ ಗುಳ್ಳೆ ಲೆಕ್ಕ ಹಾಕಿ, ಒತ್ತಡ ಮುಚ್ಚಿಟ್ಟು, ಅಂಚನ್ನಷ್ಟೇ ನೆಟ್‌ವರ್ಕ್‌ಗೆ ಕೊಟ್ಟು, ಆಮೇಲೆ ಹೋಲಿಸಬೇಕು ಅಂದೆ. ಒಪ್ಪಿದಳು. ನನಗೇ ಸಮಾಧಾನವಿಲ್ಲ. ಲೆಕ್ಕದ ಅಂಚು ಸ್ವಚ್ಛ, ವಿಡಿಯೊದ್ದು ಮಸುಕು. ಅಂಚಿನ ಸಣ್ಣ ತಪ್ಪೂ ವಕ್ರತೆಯಲ್ಲಿ ದೊಡ್ಡದಾಗುತ್ತದೆ, ಮೇಲ್ಮೈ ಸೆಳೆತದ ಒತ್ತಡ ನಿಂತಿರುವುದೇ ವಕ್ರತೆಯ ಮೇಲೆ. ಹಾಗಾದರೆ ಲೆಕ್ಕದ ಅಂಚನ್ನೂ ಬೇಕೆಂದೇ ಸ್ವಲ್ಪ ಕೆಡಿಸಿ ಕೊಟ್ಟರೆ, ಎಷ್ಟು ಕೆಡಿಸುವವರೆಗೆ ಒತ್ತಡ

ಗೇಟಿನ ಸದ್ದು. ಅಪ್ಪ ಬಂದರು.